ನಾಲ್ಕು ಗಂಟೆಯ ಮಗ್ಗುಲು

ಕಳೆದ ತಿಂಗಳು ಜೂನಿಯರ್ ಒಬ್ಬಳು ನನ್ನ ಥೀಸಿಸ್ ಒಮ್ಮೆ ನೋಡಬೇಕು ಅಂದಳು. ಅವಳೂ ಈಗ ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಓದುತ್ತಿದ್ದಾಳೆ, ವಿಷಯ ಇನ್ನೂ ಗಟ್ಟಿಯಾಗಿಲ್ಲ. ಕೊಡುವ ಮೊದಲು ನಾನೇ ಒಂದು ಸಲ ತಿರುವಿ ಹಾಕೋಣ ಅಂತ ಕೂತೆ. ಶುರುವಿನಲ್ಲೇ ಕೃತಜ್ಞತೆಗಳ ಪುಟ ಬಂತು. ಗೈಡ್ ಹೆಸರಿದೆ. ವಿಭಾಗದ ಮುಖ್ಯಸ್ಥರ ಹೆಸರಿದೆ. ಅಂಕಿಅಂಶ ನೋಡಿಕೊಟ್ಟವರು, ವಾರ್ಡಿನ ಸಿಸ್ಟರ್‌ಗಳು, ಅಪ್ಪ, ಅಮ್ಮ, ಬೈಂಡಿಂಗ್ ಮಾಡಿಕೊಟ್ಟವರು, ಎಲ್ಲರೂ ಇದ್ದಾರೆ. ಕೊನೆಯಲ್ಲಿ ‘ನೇರವಾಗಿ ಮತ್ತು ಪರೋಕ್ಷವಾಗಿ ನೆರವಾದ ಎಲ್ಲರಿಗೂ’ ಎಂಬ ಸಾಲು. ಆ ‘ಎಲ್ಲರಿಗೂ’ ಒಳಗೆ ಎಲ್ಲೋ ಲೈಬ್ರರಿ ಮೇಡಂ ಸೇರಿಹೋಗಿದ್ದಾರೆ. ಅವರ ಹೆಸರು ಮಾತ್ರ ಇಲ್ಲ. ಅದನ್ನು ಕಂಡ ದಿನದಿಂದ ಮನಸ್ಸಿಗೆ ಸಮಾಧಾನವಿಲ್ಲ. ಆ ಥೀಸಿಸ್‌ನಲ್ಲಿ ಏನಾದರೂ ಸತ್ವ ಇದ್ದರೆ ಅದು ಹುಟ್ಟಿದ್ದು ಅವರ ಮೇಜಿನ ಮುಂದೆ. ಹಾಗಿದ್ದೂ ಅವರ ಹೆಸರು ಬರೆಯಬೇಕು ಅಂತ ಆಗ ನನಗೆ ಹೊಳೆಯಲೇ ಇಲ್ಲ. ಯಾಕೆ ಹೊಳೆಯಲಿಲ್ಲ ಅಂತ ಯೋಚಿಸುತ್ತಾ ಇದನ್ನು ಬರೆಯುತ್ತಿದ್ದೇನೆ.

ನಾನು ಮೆಡಿಕಲ್ ಲೈಬ್ರರಿಗೆ ಸಹಾಯ ಕೇಳಿ ಹೋದದ್ದು 2016ರಲ್ಲಿ. ನಾನಾಗಿ ಹೋದದ್ದಲ್ಲ, ಗೈಡ್ ಕಳಿಸಿದ್ದು. ಅದಕ್ಕೂ ಮುಂಚೆ ಎರಡು ವಾರ ನಾನೇ ಕಂಪ್ಯೂಟರ್ ಮುಂದೆ ಕೂತು ಹುಡುಕಿದ್ದೆ. ಒಂದು ಪದ ಹಾಕಿದರೆ ಸಾವಿರಾರು ಪೇಪರ್ ಬರುತ್ತಿದ್ದವು. ಇನ್ನೊಂದು ಪದ ಸೇರಿಸಿದರೆ ಏಳೋ ಎಂಟೋ. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಾಗದೆ ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡಿ ಒಂದು ಫೋಲ್ಡರ್‌ಗೆ ತುಂಬುತ್ತಿದ್ದೆ. ಹಾಗಾಗಿ ಲೈಬ್ರರಿ ಮೇಡಂ ಎದುರು ನಿಂತು ನಾನು ಹೇಳಿದ್ದು ಇಷ್ಟೇ: “ಮೇಡಂ, ಬೆಡ್‌ಸೋರ್ ಬಗ್ಗೆ ಪೇಪರ್ ಬೇಕು. ಒಂದು ಮೂವತ್ತು, ನಲವತ್ತು ಸಿಕ್ಕರೆ ಸಾಕು.” ಬೆಡ್‌ಸೋರ್ ಅಂದರೆ ಹೊರಳದೆ ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಒತ್ತಡದಿಂದ ಆಗುವ ಹುಣ್ಣು. ಅವರು ಕುರ್ಚಿ ತೋರಿಸಿ ಕೂರಿಸಿದರು. ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದರು. ಒಂದು ಹಾಳೆ ತೆಗೆದುಕೊಂಡು ಕೇಳಿದರು: “ಯಾರ ಬೆಡ್‌ಸೋರ್?”

ರೋಗಿಗಳದ್ದು ಅಂದೆ. ಯಾವ ರೋಗಿಗಳು? ಐಸಿಯುನಲ್ಲಿ ಇರುವವರಾ, ವಯಸ್ಸಾದವರಾ, ಬೆನ್ನುಹುರಿಗೆ ಪೆಟ್ಟು ಬಿದ್ದವರಾ, ಮಕ್ಕಳಾ? ಹುಣ್ಣು ಬರದ ಹಾಗೆ ತಡೆಯುವುದಾ, ಬಂದಿದ್ದನ್ನು ವಾಸಿ ಮಾಡುವುದಾ? ತಡೆಯುವುದು ಅಂದರೆ ಹಾಸಿಗೆ ಬದಲಿಸುವುದಾ, ಮಗ್ಗುಲು ಬದಲಿಸುವುದಾ, ಊಟ ನೋಡಿಕೊಳ್ಳುವುದಾ? ಒಂದೊಂದು ಪ್ರಶ್ನೆಗೂ ನನ್ನ ಉತ್ತರ ಚಿಕ್ಕದಾಗುತ್ತಾ ಹೋಯಿತು. ಮಗ್ಗುಲು ಬದಲಿಸುವುದು ಅಂದಾಗ ಅವರು ಪೆನ್ನು ಕೆಳಗಿಟ್ಟರು. “ಸಿಸ್ಟರ್, ಇಷ್ಟೊಂದು ವಿಷಯ ಇರುವಾಗ ಇದೇ ಯಾಕೆ ಹಿಡಿದಿರಿ?” ಅಂದರು. ಗೈಡ್‌ಗೂ ಹೇಳದ ಒಂದು ಮಾತನ್ನು ಆ ಹೊತ್ತು ನಾನು ಅವರಿಗೆ ಹೇಳಿಬಿಟ್ಟೆ.

ಒಂದು ರಾತ್ರಿ

ನಾನು ಆಗ ಮೆಡಿಕಲ್ ವಾರ್ಡಿನಲ್ಲಿದ್ದೆ. ನೈಟ್ ಡ್ಯೂಟಿಗೆ ಇಬ್ಬರೇ. ಸ್ಟ್ರೋಕ್ ಆಗಿ ಬಲಗಡೆ ಬಿದ್ದುಹೋಗಿದ್ದ ವಯಸ್ಸಾದ ತಾಯಿಯೊಬ್ಬರಿದ್ದರು. ತಾವಾಗಿ ಹೊರಳಲು ಅವರಿಗೆ ಆಗುತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಾಸಿಗೆ ಕಾಲಿಗೆ ನೇತುಹಾಕಿದ ಚಾರ್ಟಿನಲ್ಲಿ ಸಹಿ ಹಾಕಬೇಕು. ಹನ್ನೆರಡಕ್ಕೆ ಮಾಡಿದೆ. ಎರಡಕ್ಕೆ ಮಾಡಿದೆ. ನಾಲ್ಕಕ್ಕೆ ಸ್ವಲ್ಪ ಮುಂಚೆ ಆ ಕೊನೆಯ ಹಾಸಿಗೆಯವರಿಗೆ ಉಸಿರು ಕಟ್ಟಿತು. ಇಬ್ಬರೂ ಅಲ್ಲಿಗೆ ಓಡಿದೆವು. ಅದು ಮುಗಿಯುವಷ್ಟರಲ್ಲಿ ಆರು ಗಂಟೆ. ಹ್ಯಾಂಡೋವರ್ ಹೊತ್ತಿಗೆ ಚಾರ್ಟಿನಲ್ಲಿ ನಾಲ್ಕು ಗಂಟೆಯ ಚೌಕ ಖಾಲಿ ಇತ್ತು. ನಾನು ಅದರಲ್ಲೂ ಸಹಿ ಹಾಕಿದೆ. ಎರಡು ದಿನ ಬಿಟ್ಟು ಅವರ ಬೆನ್ನಿನ ಕೆಳಗೆ, ಬಾಲದ ಮೂಳೆಯ ಹತ್ತಿರ ಚರ್ಮ ಕೆಂಪಾಗಿ ಬಿರಿದಿತ್ತು. ಅವರ ಮಗಳು ನನ್ನನ್ನು ಕೇಳಿದರು: “ಸಿಸ್ಟರ್, ರಾತ್ರಿ ಹೊರಳಿಸ್ತಿದ್ರಾ?” ಹೌದು ಅಂದೆ.

ಮೇಡಂ ಇದನ್ನು ಪೂರ್ತಿ ಕೇಳಿಸಿಕೊಂಡರು. ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಾಳೆಯಲ್ಲಿ ಎರಡು ಸಾಲು ಬರೆದು ನನ್ನ ಕಡೆ ತಿರುಗಿಸಿದರು. “ಇಲ್ಲಿ ಎರಡು ಪ್ರಶ್ನೆ ಇದೆ. ತಾವಾಗಿ ಹೊರಳಲು ಆಗದವರಿಗೆ ಎರಡು ಗಂಟೆಯ ಬದಲು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಹುಣ್ಣು ಜಾಸ್ತಿ ಆಗುತ್ತಾ? ಇದನ್ನು ಹುಡುಕಬಹುದು. ಆ ಹುಣ್ಣು ನನ್ನಿಂದ ಆಯಿತಾ? ಇದಕ್ಕೆ ಯಾವ ಡೇಟಾಬೇಸೂ ಉತ್ತರ ಕೊಡಲ್ಲ. ಮೊದಲನೆಯದನ್ನು ಇಬ್ಬರೂ ಕೂತು ಹುಡುಕೋಣ. ಎರಡನೆಯದನ್ನು ಅದರೊಳಗೆ ಬೆರೆಸಬೇಡಿ. ಬೆರೆಸಿದರೆ ನಿಮಗೆ ಬೇಕಾದ ಪೇಪರ್ ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತೆ.”

ಗ್ರಂಥಾಲಯ ವಿಜ್ಞಾನ ಓದಿದವರಿಗೆ ಇದು ಹೊಸದಲ್ಲ ಅಂತ ಆಮೇಲೆ ತಿಳಿಯಿತು. ರಾಬರ್ಟ್ ಟೇಲರ್ ಎಂಬವರು 1968ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಒಬ್ಬ ಮನುಷ್ಯನ ಪ್ರಶ್ನೆ ನಾಲ್ಕು ಹಂತ ದಾಟಿ ಲೈಬ್ರರಿಯ ಮೇಜಿಗೆ ಬರುತ್ತದೆ ಅಂತ ಅವರ ಮಾತು. ಮೊದಲು ಮಾತಿಗೇ ಸಿಗದ ಒಂದು ಕಸಿವಿಸಿ. ಆಮೇಲೆ ಮನಸ್ಸಿನಲ್ಲಿ ಮಸುಕಾಗಿ ಮೂಡುವ ರೂಪ. ಆಮೇಲೆ ಬಿಡಿಸಿ ಹೇಳಬಹುದಾದ ಪ್ರಶ್ನೆ. ಕೊನೆಗೆ, ‘ಇಲ್ಲಿ ಹೀಗೆ ಕೇಳಿದರೆ ಸಿಗಬಹುದು’ ಅಂತ ನಾವೇ ಕತ್ತರಿಸಿ ಕುಗ್ಗಿಸಿದ ಪ್ರಶ್ನೆ. ‘ಬೆಡ್‌ಸೋರ್ ಬಗ್ಗೆ ಮೂವತ್ತು ಪೇಪರ್’ ಎಂಬುದು ನನ್ನ ನಾಲ್ಕನೇ ಹಂತ. ಆ ಮಗಳ ಮುಂದೆ ‘ಹೌದು’ ಅಂದಾಗ ಎದೆಯಲ್ಲಿ ಆದದ್ದು ಮೊದಲನೇ ಹಂತ. ಮೇಡಂ ಅರ್ಧ ಗಂಟೆಯಲ್ಲಿ ನನ್ನ ಕೈ ಹಿಡಿದು ನಾಲ್ಕರಿಂದ ಒಂದಕ್ಕೆ ಇಳಿಸಿ, ಮತ್ತೆ ಮೂರಕ್ಕೆ ಹತ್ತಿಸಿ ನಿಲ್ಲಿಸಿದ್ದರು. ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟಿರಲೇ ಇಲ್ಲ.

ಒಂದೇ ಹುಣ್ಣಿಗೆ ಐದು ಹೆಸರು

ಹುಡುಕಾಟ ಶುರುವಾದದ್ದು ಮರುದಿನ. ಮೇಡಂ ಮೊದಲು ಹೆಸರುಗಳ ಪಟ್ಟಿ ಮಾಡಿಸಿದರು. ನಾವು ವಾರ್ಡಿನಲ್ಲಿ ಬೆಡ್‌ಸೋರ್ ಅನ್ನುತ್ತೇವೆ. ಹಳೆಯ ಪುಸ್ತಕಗಳಲ್ಲಿ ಡೆಕ್ಯುಬಿಟಸ್ ಅಲ್ಸರ್. ಆಮೇಲೆ ಪ್ರೆಶರ್ ಸೋರ್, ಆಮೇಲೆ ಪ್ರೆಶರ್ ಅಲ್ಸರ್. ನಾನು ಥೀಸಿಸ್ ಶುರು ಮಾಡಿದ ಅದೇ 2016ರ ಏಪ್ರಿಲ್‌ನಲ್ಲಿ ಅಮೆರಿಕದ ತಜ್ಞರ ಮಂಡಳಿ ಅದನ್ನು ಪ್ರೆಶರ್ ಇಂಜುರಿ ಅಂತ ಕರೆಯೋಣ ಅಂದಿತ್ತು. ಚರ್ಮ ಬಿರಿಯುವ ಮೊದಲೇ ಒಳಗೆ ಪೆಟ್ಟಾಗಿರುತ್ತದೆ, ಆಗ ಅದನ್ನು ಹುಣ್ಣು ಅನ್ನುವುದು ಹೇಗೆ ಅಂತ ಅವರ ವಾದ. ಸರಿಯಾದ ವಾದವೇ. ಆದರೆ ಹುಡುಕುವವರ ಪಾಲಿಗೆ ಏನಾಯಿತು ನೋಡಿ. ಒಬ್ಬರು ಬರೆದದ್ದು ಒಂದು ಹೆಸರಿನ ಕೆಳಗೆ, ಇನ್ನೊಬ್ಬರು ಬರೆದದ್ದು ಇನ್ನೊಂದರ ಕೆಳಗೆ. ಎರಡು ವಾರ ನಾನು ‘ಬೆಡ್‌ಸೋರ್’ ಅಂತ ಒಂದೇ ಪದ ಹಾಕಿಕೊಂಡು ಕೂತಿದ್ದೆ. ಅಂದರೆ ಐದು ಬಾಗಿಲಿದ್ದ ಮನೆಯಲ್ಲಿ ಒಂದೇ ಬಾಗಿಲು ಬಡಿಯುತ್ತಿದ್ದೆ.

ಪಬ್‌ಮೆಡ್ ಅಂದರೆ ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಡೇಟಾಬೇಸ್. ಅದರ ಒಳಗೆ ಮೆಶ್ ಎಂಬ, ವಿಷಯದ ಶೀರ್ಷಿಕೆಗಳ ಒಂದು ವ್ಯವಸ್ಥೆ ಇದೆ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಅದನ್ನು 1960ರಲ್ಲಿ ಮೊದಲು ಹೊರತಂದಿತು. ಲೇಖಕರು ಯಾವ ಹೆಸರು ಬಳಸಲಿ, ಪೇಪರ್ ಯಾವುದರ ಬಗ್ಗೆ ಎಂದು ನೋಡಿ ಅದಕ್ಕೆ ಒಂದು ಗೊತ್ತಾದ ಶೀರ್ಷಿಕೆ ಅಂಟಿಸುತ್ತಾರೆ. ಹಾರ್ಟ್ ಅಟ್ಯಾಕ್ ಅಂತ ಬರೆದಿದ್ದರೂ ಅದು ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಕೆಳಗೆ ಹೋಗಿ ಕೂರುತ್ತದೆ. ನಮ್ಮ ಹುಣ್ಣಿಗೆ ಅಲ್ಲಿ ‘ಪ್ರೆಶರ್ ಅಲ್ಸರ್’ ಎಂಬ ಹೆಸರು. ಹಾಗಂತ ಅದೊಂದನ್ನೇ ನಂಬಿದರೂ ಆಗುವುದಿಲ್ಲ. ತೀರಾ ಹೊಸ ಪೇಪರ್‌ಗಳಿಗೆ ಆಗ ಇನ್ನೂ ಶೀರ್ಷಿಕೆ ಅಂಟಿರುತ್ತಿರಲಿಲ್ಲ, ಪಬ್‌ಮೆಡ್‌ನಲ್ಲಿರುವ ಎಲ್ಲ ಪೇಪರ್‌ಗಳಿಗೂ ಅದು ಸಿಗುವುದೂ ಇಲ್ಲ. ಅದಕ್ಕೇ ಮೇಡಂ ಮೆಶ್ ಶೀರ್ಷಿಕೆಯನ್ನೂ ಹಾಕಿದರು, ಐದು ಹೆಸರುಗಳನ್ನೂ ಹಾಕಿದರು, ನಡುವೆ ‘ಆರ್’ (ಇವುಗಳಲ್ಲಿ ಯಾವುದಿದ್ದರೂ ಸಾಕು) ಸೇರಿಸಿದರು. ಆಮೇಲೆ ಮಗ್ಗುಲು ಬದಲಿಸುವುದಕ್ಕೆ ಇರುವ ಪದಗಳು: ಟರ್ನಿಂಗ್, ರೀಪೊಸಿಷನಿಂಗ್, ಪೊಸಿಷನ್ ಚೇಂಜ್. ಅವುಗಳ ನಡುವೆಯೂ ‘ಆರ್’. ಈ ಎರಡು ಗುಂಪುಗಳನ್ನು ‘ಅಂಡ್’ (ಎರಡೂ ಇರಲೇಬೇಕು) ಹಾಕಿ ಜೋಡಿಸಿದರು. ‘ನಾಟ್’ (ಇದು ಇರಬಾರದು) ಮಾತ್ರ ಬಳಸಲು ಬಿಡಲಿಲ್ಲ. ನಾನು ಮಕ್ಕಳನ್ನು ಬಿಟ್ಟುಬಿಡೋಣ ಅಂತ ‘ನಾಟ್ ಚಿಲ್ಡ್ರನ್’ ಹಾಕಹೊರಟಿದ್ದೆ. “ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ನೋಡಿದ ಪೇಪರ್ ಇದ್ದರೆ ಅದೂ ಹೋಗಿಬಿಡುತ್ತೆ ಸಿಸ್ಟರ್. ಬೇಡದ್ದು ಬಂದರೆ ಬರಲಿ, ಆಮೇಲೆ ಕೈಯಲ್ಲಿ ಆರಿಸೋಣ. ಬೇಕಾದ್ದು ಹೋದರೆ ಹೋಗಿದೆ ಅಂತ ಗೊತ್ತೂ ಆಗಲ್ಲ” ಅಂದರು.

ಪಬ್‌ಮೆಡ್ ಒಂದರಲ್ಲೇ ನಿಲ್ಲಲೂ ಇಲ್ಲ. ನರ್ಸ್‌ಗಳು ಬರೆದದ್ದು ಎಷ್ಟೋ ಅಲ್ಲಿಗೆ ಬಂದಿರುವುದಿಲ್ಲವಂತೆ. ಅದಕ್ಕೆ ಸಿನಾಲ್ ಎಂಬ ಬೇರೆಯೇ ಡೇಟಾಬೇಸ್. ಯುರೋಪಿನ ಜರ್ನಲ್‌ಗಳು, ಔಷಧಿಗಳ ವಿಷಯ ಎಂಬೇಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಜಾಸ್ತಿ. ಇವೆಲ್ಲ ನನಗೆ ಹೊಸ ಲೋಕ. ಎಂಟು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೆ, ನನ್ನದೇ ವೃತ್ತಿಯವರು ಬರೆದದ್ದು ಎಲ್ಲಿ ಕೂಡಿಡಲಾಗಿದೆ ಎಂದೇ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೇಡಂ ನನ್ನನ್ನು ಲೈಬ್ರರಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಇಂಡೆಕ್ಸ್ ಮೆಡಿಕಸ್‌ನ ದಪ್ಪ ದಪ್ಪ ಸಂಪುಟಗಳು ಸಾಲಾಗಿ ನಿಂತಿದ್ದವು. ಜಾನ್ ಶಾ ಬಿಲ್ಲಿಂಗ್ಸ್ ಎಂಬ ಅಮೆರಿಕದ ಸೈನ್ಯದ ಸರ್ಜನ್ ಇದನ್ನು 1879ರಲ್ಲಿ ಶುರು ಮಾಡಿದ್ದು. ಜಗತ್ತಿನ ವೈದ್ಯಕೀಯ ಲೇಖನಗಳನ್ನೆಲ್ಲ ವಿಷಯವಾರು ಪಟ್ಟಿ ಮಾಡುವ ಹಟ ಅವರದು. ಕಂಪ್ಯೂಟರ್ ಬಂದ ಮೇಲೂ 2004ರವರೆಗೆ ಅದು ಅಚ್ಚಾಗುತ್ತಲೇ ಇತ್ತು. ಮೇಡಂ ಹಳೆಯದೊಂದು ಸಂಪುಟ ತೆಗೆದು ಡೆಕ್ಯುಬಿಟಸ್ ಅಲ್ಸರ್ ಎಂಬ ಶೀರ್ಷಿಕೆಗೆ ಬೆರಳಿಟ್ಟರು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದರ ಕೆಳಗೊಂದು ಪೇಪರ್‌ಗಳು. ನಾನು ಆ ಪುಟವನ್ನು ಸುಮಾರು ಹೊತ್ತು ನೋಡುತ್ತಾ ನಿಂತೆ. ನಾನು ಹುಟ್ಟುವುದಕ್ಕೂ ಮುಂಚೆ, ಯಾವುದೋ ಊರುಗಳಲ್ಲಿ, ಯಾರೋ ನರ್ಸ್‌ಗಳು ಡಾಕ್ಟರ್‌ಗಳು ಇದೇ ಹುಣ್ಣಿನ ಮುಂದೆ ಕೂತು ತಲೆ ಕೆಡಿಸಿಕೊಂಡಿದ್ದರು. ಆ ರಾತ್ರಿಯಿಂದ ನಾನು ಒಬ್ಬಳೇ ಅಂದುಕೊಂಡಿದ್ದೆ.

ಹಳೆಯದನ್ನು ಯಾಕೆ ಹುಡುಕಬೇಕು ಅಂತ ಕೇಳಿದಾಗ ಅವರು ಹೇಳಿದ ಒಂದು ಘಟನೆ ನನ್ನನ್ನು ಬಿಟ್ಟುಹೋಗಿಲ್ಲ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಸ್ತಮಾ ಕುರಿತ ಒಂದು ಅಧ್ಯಯನ ನಡೆಯುತ್ತಿತ್ತು. ಅದಕ್ಕೆ ಒಪ್ಪಿ ಬಂದ 24 ವರ್ಷದ ಆರೋಗ್ಯವಂತ ಯುವತಿಗೆ ಹೆಕ್ಸಾಮೆಥೋನಿಯಂ ಎಂಬ ಔಷಧಿಯನ್ನು ಉಸಿರಿನ ಮೂಲಕ ಕೊಟ್ಟರು. ಅವಳ ಶ್ವಾಸಕೋಶ ಕೆಟ್ಟು ಒಂದು ತಿಂಗಳೊಳಗೆ ತೀರಿಕೊಂಡಳು. ಆ ಔಷಧಿ ಶ್ವಾಸಕೋಶಕ್ಕೆ ಹಾನಿ ಮಾಡಬಹುದು ಎಂಬ ವರದಿಗಳು 1950ರ ದಶಕದಲ್ಲೇ ಅಚ್ಚಾಗಿದ್ದವು. ಸಂಶೋಧಕರ ಹುಡುಕಾಟದಲ್ಲಿ ಅವು ಸಿಕ್ಕಿರಲಿಲ್ಲ. ಆಗಿನ ಪಬ್‌ಮೆಡ್ 1966ಕ್ಕಿಂತ ಹಿಂದಕ್ಕೆ ಹೋಗುತ್ತಿರಲಿಲ್ಲ. ಅದಕ್ಕೂ ಹಿಂದಿನದು ಇಂತಹ ಕಪಾಟುಗಳಲ್ಲಿ ಇತ್ತು. ಮೇಡಂ ಇದನ್ನು ಹೇಳುವಾಗ ಕೈಯಲ್ಲಿದ್ದ ಸಂಪುಟವನ್ನು ಮುಚ್ಚಿರಲಿಲ್ಲ.

ಎರಡು ಗಂಟೆ ಎಲ್ಲಿಂದ ಬಂತು

ನಮಗೆ ನರ್ಸಿಂಗ್ ಶಾಲೆಯಲ್ಲಿ ಎರಡು ಗಂಟೆಗೊಮ್ಮೆ ಅಂತ ಹೇಳಿಕೊಟ್ಟಿದ್ದರು. ಅದನ್ನು ನಾವು ಉಸಿರಾಟದಷ್ಟೇ ಸಹಜವಾಗಿ ನಂಬಿದ್ದೆವು. ನನ್ನ ಮೊದಲ ಕರಡಿನಲ್ಲಿ ‘ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದು ಸಾಬೀತಾಗಿದೆ’ ಅಂತ ಬರೆದು ಒಂದು ಪೇಪರ್‌ನ ಹೆಸರು ಹಾಕಿದ್ದೆ. ಮೇಡಂ ಆ ಪೇಪರ್ ತೆರೆದು ಅದು ಯಾರನ್ನು ಉಲ್ಲೇಖಿಸಿದೆ ಅಂತ ತೋರಿಸಿದರು. ಒಂದು ಪಠ್ಯಪುಸ್ತಕವನ್ನು. ಆ ಪುಸ್ತಕ ಇನ್ನೊಂದು ಹಳೆಯ ಲೇಖನವನ್ನು. ಅದು ಮತ್ತೊಂದನ್ನು. ನಮ್ಮಲ್ಲಿ ಇಲ್ಲದ್ದನ್ನು ಬೇರೆ ಲೈಬ್ರರಿಗೆ ಬರೆದು ಸ್ಕ್ಯಾನ್ ಮಾಡಿಸಿ ತರಿಸಿದರು. ಹೀಗೆ ಬೇರು ಹಿಡಿದು ಹೋದಾಗ ಒಂದು ಎಳೆ 1959ರಲ್ಲಿ ಮೈಕೆಲ್ ಕೋಸಿಯಾಕ್ ಎಂಬವರು ಬರೆದ ಪೇಪರ್‌ಗೆ ಬಂದು ನಿಂತಿತು. ಅದು ನಾಯಿಗಳ ಮೇಲೆ ನಡೆಸಿದ ಪ್ರಯೋಗ. ಒತ್ತಡ ಜಾಸ್ತಿಯಾದಷ್ಟೂ ಕಡಿಮೆ ಹೊತ್ತಿನಲ್ಲಿ ಹಾನಿಯಾಗುತ್ತದೆ, ಒತ್ತಡ ಕಡಿಮೆಯಿದ್ದರೂ ಹೆಚ್ಚು ಹೊತ್ತು ಇದ್ದರೆ ಹಾನಿಯಾಗುತ್ತದೆ ಎಂಬುದು ಅದರ ತಿರುಳು. ತುಂಬ ಮುಖ್ಯವಾದ ಕೆಲಸ. ಆದರೆ ವಾರ್ಡಿನ ಹಾಸಿಗೆಯಲ್ಲಿ ಮಲಗಿದ ಮನುಷ್ಯರಿಗೆ ಎರಡು ಗಂಟೆಯೋ ನಾಲ್ಕು ಗಂಟೆಯೋ ಅಂತ ಹೋಲಿಸಿ ನೋಡಿದ್ದಲ್ಲ. ಇನ್ನೊಂದು ಎಳೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಹೋಯಿತು. ಅಲ್ಲಿ ಲುಡ್ವಿಗ್ ಗುಟ್‌ಮನ್ 1944ರಿಂದ ಬೆನ್ನುಹುರಿಗೆ ಪೆಟ್ಟಾದ ಸೈನಿಕರನ್ನು ನೋಡಿಕೊಳ್ಳುತ್ತಿದ್ದರು. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸುವ ಪದ್ಧತಿ ತಂದರು. ಅದಕ್ಕೂ ಮುಂಚೆ ಅಂಥವರಲ್ಲಿ ಎಷ್ಟೋ ಮಂದಿ ಹುಣ್ಣು ನಂಜಾಗಿ ಸಾಯುತ್ತಿದ್ದರು. ಆ ಪದ್ಧತಿ ಎಷ್ಟೋ ಜೀವ ಉಳಿಸಿತು. ಮೂರು ಗಂಟೆಗೊಮ್ಮೆ ಮಾಡಿದ್ದರೆ ಏನಾಗುತ್ತಿತ್ತು ಅಂತ ಯಾರೂ ಅಲ್ಲಿ ಪರೀಕ್ಷಿಸಿರಲಿಲ್ಲ.

ಈ ಬೇರು ಹಿಡಿದು ಹೋಗುವ ಕೆಲಸ ಎಷ್ಟು ಮುಖ್ಯ ಅಂತ ಮರುವರ್ಷ ಇನ್ನೊಮ್ಮೆ ಮನದಟ್ಟಾಯಿತು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 1980ರಲ್ಲಿ ಐದು ವಾಕ್ಯದ ಒಂದು ಪತ್ರ ಅಚ್ಚಾಗಿತ್ತು. ಆಸ್ಪತ್ರೆಯಲ್ಲಿ ದಾಖಲಾದ ರೋಗಿಗಳಿಗೆ ಅಫೀಮಿನ ಜಾತಿಯ ನೋವುನಿವಾರಕ ಕೊಟ್ಟಾಗ ಚಟ ಅಂಟಿದ್ದು ತೀರಾ ವಿರಳ ಅಂತ. 2017ರಲ್ಲಿ ಎಣಿಸಿ ನೋಡಿದರೆ ಆ ಐದು ವಾಕ್ಯವನ್ನು 608 ಕಡೆ ಉಲ್ಲೇಖಿಸಿದ್ದರು. ಅದು ಆಸ್ಪತ್ರೆಯೊಳಗಿದ್ದವರ ಮಾತು ಎಂಬುದನ್ನು ಬಹುಪಾಲು ಜನ ಹೇಳಿಯೇ ಇರಲಿಲ್ಲ. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರಿಗೂ ಅದೇ ಸಾಕ್ಷಿಯಾಯಿತು. ಮೂಲ ತೆರೆದು ನೋಡಲು ಐದು ನಿಮಿಷ ಸಾಕಿತ್ತು ಅನ್ನಿಸಿ ಹೊಟ್ಟೆ ಉರಿಯಿತು. ನನ್ನ ಕರಡಿನ ‘ಸಾಬೀತಾಗಿದೆ’ ಕೂಡ ಅದೇ ಜಾತಿಯ ಸಾಲಾಗಿತ್ತು, ಅಲ್ವಾ?

‘ನಮಗೆ ಸಿಗಲಿಲ್ಲ’

ಹಾಗಾದರೆ ಉತ್ತರ ಏನು ಸಿಕ್ಕಿತು ಅಂತ ನೀವು ಕೇಳಬಹುದು. ಒಂದು ದೊಡ್ಡ ಪ್ರಯೋಗ ಸಿಕ್ಕಿತು. 2013ರಲ್ಲಿ ಪ್ರಕಟವಾದದ್ದು. ಅಮೆರಿಕ ಮತ್ತು ಕೆನಡಾದ 27 ವೃದ್ಧರ ಆರೈಕೆ ಕೇಂದ್ರಗಳ 942 ಮಂದಿ. ಕೆಲವರಿಗೆ ಎರಡು, ಕೆಲವರಿಗೆ ಮೂರು, ಕೆಲವರಿಗೆ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರು. ಹುಣ್ಣಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದಾಗ ನನ್ನ ಎದೆ ಹಗುರವಾಯಿತು. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ಬಂತು. ಮೇಡಂ ನನ್ನ ಮುಖ ನೋಡಿರಬೇಕು. “ಹಾಸಿಗೆ ಯಾವುದು ಅಂತ ಓದಿದಿರಾ?” ಅಂದರು. ಅಲ್ಲಿ ಎಲ್ಲರಿಗೂ ಒಳ್ಳೆಯ ದಟ್ಟ ಫೋಮಿನ ಹಾಸಿಗೆ ಇತ್ತು. ನನ್ನ ವಾರ್ಡಿನಲ್ಲಿ ಇದ್ದದ್ದು ಅದಲ್ಲ. ಅವರು ಆರೈಕೆ ಕೇಂದ್ರದಲ್ಲಿ ನೆಲೆಸಿದ್ದವರು, ನನ್ನ ರೋಗಿ ಆಗತಾನೇ ಸ್ಟ್ರೋಕ್ ಆಗಿ ಬಂದವರು. ಮೇಡಂ ಹೇಳಿದ್ದ ‘ಬೆರೆಸಬೇಡಿ’ ಎಂಬ ಮಾತು ಆಗ ನನಗೆ ಪೂರ್ತಿ ಅರ್ಥವಾಯಿತು. ಆ ಪೇಪರ್ ನನಗೆ ಬೇಕಾದ ಕ್ಷಮೆಯ ಹಾಗೆ ಕಂಡಿತ್ತು.

ಒಂದು ವಿಷಯದ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯವರು 2014ರಲ್ಲಿ ಇದೇ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದ್ದರು. ಯಾವ ಅಂತರ ಒಳ್ಳೆಯದು ಅಂತ ಹೇಳುವಷ್ಟು ಗಟ್ಟಿ ಪುರಾವೆ ಇಲ್ಲ ಎಂಬುದು ಅವರ ತೀರ್ಮಾನ. ಪುರಾವೆ ಕಡಿಮೆ ಅಂದ ಮಾತ್ರಕ್ಕೆ ಹೊರಳಿಸುವುದು ಬೇಡ ಅಂತ ಅರ್ಥವಲ್ಲ ಅಂತಲೂ ಎಚ್ಚರಿಸಿದ್ದರು. ಈ ಮಾತನ್ನು ನಾನು ಈಗಲೂ ವಾರ್ಡಿಗೆ ಹೊಸದಾಗಿ ಬಂದವರಿಗೆ ಒತ್ತಿ ಹೇಳುತ್ತೇನೆ. ತಾವಾಗಿ ಹೊರಳಲು ಆಗದವರನ್ನು ನಾವು ಹೊರಳಿಸಲೇಬೇಕು.

ಕೊನೆಗೆ ಮೇಡಂ ನನಗೆ ಎರಡು ಪುಟ ಕೊಟ್ಟರು. ಯಾವ ಯಾವ ಡೇಟಾಬೇಸ್, ಯಾವ ದಿನ, ಅಕ್ಷರ ತಪ್ಪದೆ ಯಾವ ಪದಗಳು, ಎಷ್ಟು ಪೇಪರ್ ಬಂತು, ಎಷ್ಟನ್ನು ಯಾಕೆ ಬಿಟ್ಟೆವು, ಎಲ್ಲ ಅದರಲ್ಲಿತ್ತು. ಬೇರೆ ಯಾರಾದರೂ ಅದನ್ನು ಹಿಡಿದುಕೊಂಡು ಕೂತರೆ ನಾವು ನಡೆದ ದಾರಿಯಲ್ಲೇ ನಡೆಯಬಹುದು. ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲು: ‘ವಾರ್ಡಿನ ರೋಗಿಗಳಲ್ಲಿ ಒಂದೇ ಒಂದು ಸರದಿ ತಪ್ಪಿದರೆ ಏನಾಗುತ್ತದೆ ಎಂದು ನೋಡಿದ ಅಧ್ಯಯನ ಈ ದಿನದವರೆಗೆ ಈ ಕಡೆಗಳಲ್ಲಿ ನಮಗೆ ಸಿಗಲಿಲ್ಲ.’ ಎರಡು ತಿಂಗಳು ಓಡಾಡಿದ್ದಕ್ಕೆ ‘ಸಿಗಲಿಲ್ಲ’ ಎಂಬ ಉತ್ತರವಾ ಅಂತ ಆಗ ಬೇಸರವಾಗಿತ್ತು. ಗೈಡ್ ಕೂಡ ಆ ಸಾಲು ತೆಗೆದುಬಿಡು ಅಂದರು. ನಾನು ತೆಗೆಯಲಿಲ್ಲ. ಸುಮ್ನೆ ಹುಡುಕಿ ‘ಇಲ್ಲ’ ಅನ್ನುವುದು ಬೇರೆ. ಎಲ್ಲಿ, ಹೇಗೆ, ಯಾವಾಗ ಹುಡುಕಿದೆವು ಅಂತ ತೋರಿಸಿ ‘ನಮಗೆ ಸಿಗಲಿಲ್ಲ’ ಅನ್ನುವುದು ಬೇರೆ. ಎರಡನೆಯದರಲ್ಲಿ ಜಗತ್ತಿಗೆ ಇಷ್ಟರವರೆಗೆ ಗೊತ್ತು, ಇಲ್ಲಿಂದ ಮುಂದೆ ಗೊತ್ತಿಲ್ಲ ಎಂಬ ಗೆರೆ ಇರುತ್ತದೆ. ಆ ಗೆರೆಯ ಆಚೆ ನಿಂತಿದ್ದ ನನ್ನ ಎರಡನೇ ಪ್ರಶ್ನೆಯನ್ನು ನಾನೇ ಹೊರಬೇಕಿತ್ತು. ಆ ತಾಯಿಯ ಚಾರ್ಟಿನ ಸಹಿಯ ವಿಷಯವನ್ನು ವಾರ್ಡ್ ಇನ್‌ಚಾರ್ಜ್‌ಗೆ ಹೋಗಿ ಹೇಳಿದ್ದು ಆ ಪುಟ ಕೈಗೆ ಬಂದ ವಾರ. ತಡವಾಗಿಯೇ ಹೇಳಿದೆ, ಆದರೆ ಹೇಳಿದೆ. ಅದರಿಂದ ಚಾರ್ಟಿನಲ್ಲಿ ಒಂದು ಹೊಸ ಕಾಲಂ ಬಂತು: ‘ಆಗಲಿಲ್ಲ, ಕಾರಣ’.

ಹೆಸರು ಬಿಟ್ಟುಹೋದದ್ದು

ನನ್ನ ಜೂನಿಯರ್ ವಿಷಯಕ್ಕೆ ಬರುತ್ತೇನೆ. ಅವಳು ಫೋನ್‌ನಲ್ಲಿ ಒಂದು ಪಟ್ಟಿ ತೋರಿಸಿದಳು. ಎಐ ಹತ್ತಿರ ಕೇಳಿದ್ದಂತೆ, ಒಂದು ನಿಮಿಷದಲ್ಲಿ ಹತ್ತು ಪೇಪರ್‌ನ ಹೆಸರು ಕೊಟ್ಟಿತ್ತು. ಜರ್ನಲ್, ವರ್ಷ, ಪುಟಸಂಖ್ಯೆ ಎಲ್ಲ ಅಚ್ಚುಕಟ್ಟಾಗಿತ್ತು. ಇಬ್ಬರೂ ಕೂತು ಒಂದೊಂದಾಗಿ ಹುಡುಕಿದೆವು. ಮೂರು ಪೇಪರ್ ಎಲ್ಲೂ ಇರಲಿಲ್ಲ. ಆ ಜರ್ನಲ್ ಇದೆ, ಆ ವರ್ಷದ ಸಂಚಿಕೆ ಇದೆ, ಆ ಪುಟದಲ್ಲಿ ಬೇರೆ ಯಾವುದೋ ಲೇಖನ ಇದೆ. ಅವಳಿಗೆ ಗಾಬರಿಯಾಯಿತು. ನನಗೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು. ಆ ಯಂತ್ರ ಅವಳನ್ನು ‘ಯಾರ?’ ಅಂತ ಒಂದು ಸಲವೂ ಕೇಳಿರಲಿಲ್ಲ. ಅವಳು ಕೇಳಿದ್ದಕ್ಕೆ ಕೇಳಿದ ಹಾಗೇ ಉತ್ತರ ಕೊಟ್ಟು ಕಳಿಸಿತ್ತು. ಅವಳೊಳಗೆ ಇರಬಹುದಾದ ರಾತ್ರಿ ಅದಕ್ಕೆ ಗೊತ್ತಿಲ್ಲ. ಅಂತಹ ಸಾಧನಗಳನ್ನು ಬಳಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಪದಗಳ ಪಟ್ಟಿ ಮಾಡಲು ನಾನೂ ಬಳಸುತ್ತೇನೆ. ಆದರೆ ಪ್ರಶ್ನೆಯೇ ಇನ್ನೂ ಹುಟ್ಟದಿರುವವರು ಅಲ್ಲಿಗೆ ಹೋದರೆ, ಹುಟ್ಟದ ಪ್ರಶ್ನೆಗೆ ಉತ್ತರ ಹಿಡಿದುಕೊಂಡು ವಾಪಸ್ ಬರುತ್ತಾರೆ.

ಹಾಗಾದರೆ ಮೇಡಂ ಹೆಸರು ಯಾಕೆ ಬಿಟ್ಟೆ? ಅವರ ಕೆಲಸ ಚೆನ್ನಾಗಿ ಆದಷ್ಟೂ ಅದು ಕಣ್ಣಿಗೆ ಕಾಣುವುದಿಲ್ಲ ಅಂತ ಅನ್ನಿಸುತ್ತದೆ. ಪ್ರಶ್ನೆ ಸ್ಪಷ್ಟವಾದ ಮೇಲೆ ಅದು ನನ್ನದೇ ಅನ್ನಿಸಿತು. ಹುಡುಕಿ ಸಿಕ್ಕಿದ ಮೇಲೆ ಪೇಪರ್‌ಗಳು ಅಲ್ಲೇ ಇದ್ದವು ಅನ್ನಿಸಿತು. ನರ್ಸ್‌ಗಳ ಕೆಲಸವೂ ಹೀಗೆಯೇ. ಹುಣ್ಣು ಆಗದೇ ಇದ್ದ ದಿನ ನಮ್ಮ ಕೈ ಯಾರಿಗೂ ಕಾಣುವುದಿಲ್ಲ. ಇದನ್ನು ಚೆನ್ನಾಗಿ ಬಲ್ಲ ನಾನೇ ಇನ್ನೊಬ್ಬರ ವಿಷಯದಲ್ಲಿ ಕಾಣದೇ ಹೋದೆನಲ್ಲ ಎಂಬುದೇ ನನ್ನ ಸಂಕಟ. 1971ರಲ್ಲಿ ಗರ್ಟ್ರೂಡ್ ಲ್ಯಾಂಬ್ ಎಂಬವರು ಅಮೆರಿಕದ ಮಿಸ್ಸೌರಿಯಲ್ಲಿ ಲೈಬ್ರೇರಿಯನ್‌ಗಳನ್ನು ಡಾಕ್ಟರ್‌ಗಳ ಜೊತೆ ರೌಂಡ್ಸ್‌ಗೆ ಕಳಿಸುವ ಪದ್ಧತಿ ಶುರು ಮಾಡಿದರು. ರೋಗಿಯ ಹಾಸಿಗೆಯ ಪಕ್ಕದಲ್ಲೇ ಪ್ರಶ್ನೆ ಏಳುತ್ತದೆ, ಹಾಗಾಗಿ ಹುಡುಕುವವರೂ ಅಲ್ಲೇ ಇರಬೇಕು ಎಂಬುದು ಅವರ ಯೋಚನೆ. ಅದನ್ನು ಓದಿದಾಗ, ನಮ್ಮ ವಾರ್ಡಿನ ಆ ರಾತ್ರಿಯ ಮರುದಿನ ಮೇಡಂ ರೌಂಡ್ಸ್‌ನಲ್ಲಿ ಇದ್ದಿದ್ದರೆ ಅಂತ ಕಲ್ಪಿಸಿಕೊಂಡೆ. ನಾನು ಎರಡು ವರ್ಷ ಆ ಮಾತನ್ನು ಒಳಗೇ ಇಟ್ಟುಕೊಳ್ಳುತ್ತಿರಲಿಲ್ಲವೇನೋ.

ಥೀಸಿಸ್ ಮುಗಿಯುವ ಹೊತ್ತಿಗೆ ಮೇಡಂ ನನ್ನ ಹುಡುಕಾಟವನ್ನು ಪಬ್‌ಮೆಡ್‌ನಲ್ಲಿ ನನ್ನ ಖಾತೆಗೇ ಉಳಿಸಿಕೊಟ್ಟಿದ್ದರು. ಅದಕ್ಕೆ ಹೊಂದುವ ಹೊಸ ಪೇಪರ್ ಬಂದರೆ ವಾರಕ್ಕೊಮ್ಮೆ ನನಗೆ ಮೇಲ್ ಬರುತ್ತದೆ. 2020ರಲ್ಲಿ ಕಾಕ್ರೇನ್‌ನವರು ಅದೇ ಪರಿಶೀಲನೆಯನ್ನು ಹೊಸದಾಗಿ ಮಾಡಿದ್ದು ನನಗೆ ಗೊತ್ತಾದದ್ದು ಹಾಗೆಯೇ. ಈ ಸಲ 8 ಪ್ರಯೋಗಗಳನ್ನು ನೋಡಿದ್ದರು. ಯಾವ ಅಂತರ ಒಳ್ಳೆಯದು ಎಂಬುದು ಆಗಲೂ ಖಚಿತವಾಗಿರಲಿಲ್ಲ. ಉಳಿಸುವಾಗ ಹುಡುಕಾಟಕ್ಕೆ ಒಂದು ಹೆಸರು ಕೊಡಬೇಕಾಗುತ್ತದೆ. ಥೀಸಿಸ್‌ನ ಹೆಸರನ್ನೇ ಹಾಕಿರುತ್ತಾರೆ ಅಂದುಕೊಂಡಿದ್ದೆ. ಮೊದಲ ಮೇಲ್ ಬಂದಾಗ ನೋಡಿದರೆ ಅದರ ತಲೆಬರಹದಲ್ಲಿ ‘ಫೋರ್ ಓ ಕ್ಲಾಕ್’ ಅಂತ ಇತ್ತು.

ಮೇಡಂ ನಿವೃತ್ತಿಯಾಗಿ ಮೂರು ವರ್ಷವಾಯಿತು. ನಾನು ಅವರಿಗೆ ಫೋನ್ ಮಾಡಿ ಕೃತಜ್ಞತೆಯ ಪುಟದ ವಿಷಯ ಹೇಳಿದೆ. ಅವರು ಅದಕ್ಕೆ ಏನೂ ಹೇಳದೆ, “ಈಗ ಏನು ಹುಡುಕ್ತಿದ್ದೀರಿ ಸಿಸ್ಟರ್?” ಅಂದರು. ಈ ವಾರದ ಮೇಲ್‌ನಲ್ಲಿ ಮೂರು ಪೇಪರ್ ಬಂದಿವೆ. ಎರಡನ್ನು ಓದಿದ್ದೇನೆ. ಮೂರನೆಯದು ರಾತ್ರಿ ಹೊತ್ತು ತಪ್ಪಿದ ಸರದಿಗಳ ಬಗ್ಗೆ, ಅಬ್‌ಸ್ಟ್ರಾಕ್ಟ್, ಅಂದರೆ ಸಾರಾಂಶ, ಮಾತ್ರ ಕಾಣುತ್ತಿದೆ. ನಾಳೆ ಡ್ಯೂಟಿ ಮುಗಿಸಿ ಲೈಬ್ರರಿಗೆ ಹೋಗಿ ಪೂರ್ತಿ ಪೇಪರ್ ತರಿಸಿಕೊಡಲು ಕೇಳಬೇಕು. ಜೂನಿಯರ್‌ಗೂ ಬಾ ಅಂದಿದ್ದೇನೆ.